ಪಗಾರ ಅಂದ್ರೆ ಯಾಕ ನಗ್ತೀರಿ?

ಮೊನ್ನೆ ಆಫೀಸಿನಲ್ಲಿ "ಪಗಾರ ಆಗೇದೇನು?" ಅಂತ ಕೇಳಿದೆ. ಪಕ್ಕದ ಸೀಟಿನ ಮೈಸೂರಿನ ಗೆಳೆಯ ನಕ್ಕುಬಿಟ್ಟ. "ಅದು ಮರಾಠಿ ಗುರು. ಕನ್ನಡದಲ್ಲಿ ಸ್ಯಾಲರಿ ಅನ್ನು."

ಸ್ಯಾಲರಿ ಕನ್ನಡವಂತೆ! ನಾನು ಸಿಂಧನೂರಿನವನು. ನಮ್ಮಲ್ಲಿ ಭತ್ತ ನಾಟಿ ಮಾಡಿದವರಿಗೆ ಕೂಲಿ, ತಿಂಗಳಿಗೊಮ್ಮೆ ಬರೋದು ಪಗಾರ. ಹಟ್ಟಿ ಗಣಿಯಲ್ಲಿ ಪಗಾರ ಆದರೆ ಲಿಂಗಸುಗೂರಿನ ಬಜಾರಿಗೆ ಯಾರೂ ಹೇಳಬೇಕಾಗಿಲ್ಲ.

ಪಗಾರ ಪೋರ್ಚುಗೀಸರ ‘ಪಗಾರ್’. ಹಣ ಸಂದಾಯ ಮಾಡು ಅಂತ ಅರ್ಥ. ಸ್ಪ್ಯಾನಿಷಿನಲ್ಲೂ ಪಗಾರ್. ಎರಡರ ತಾಯಿ ಲ್ಯಾಟಿನ್ನಿನ ‘ಪಾಕಾರೆ’, ಅಂದರೆ ಸಮಾಧಾನ ಮಾಡು. ಬೇರು ‘ಪಾಕ್ಸ್’, ಶಾಂತಿ. ಕೊಡಬೇಕಾದ್ದು ಕೊಟ್ಟರೆ ಎದುರಿನವನು ಶಾಂತನಾಗ್ತಾನೆ, ಅಷ್ಟೇ. ಇಂಗ್ಲಿಷಿನ ‘ಪೇ’ ಕೂಡ ಫ್ರೆಂಚರ ಮನೆ ಹಾದು ಬಂದ ಇದೇ ಕೂಸು. ಗೆಳೆಯನ ಸ್ಯಾಲರಿಯೂ ಲ್ಯಾಟಿನ್ನೇ, ಉಪ್ಪಿನ ‘ಸಾಲ್’ನಿಂದ ಹುಟ್ಟಿದ್ದು. ನಮ್ಮದು ಹಡಗಿನಲ್ಲಿ ಗೋವಾಕ್ಕೆ ಬಂದು ಮರಾಠಿಯವರ ಜೊತೆ ಘಟ್ಟ ಹತ್ತಿತು, ಅವನದು ಎಚ್.ಆರ್. ಮೇಲ್‌ನಲ್ಲಿ ಬಂತು. (1520ರ ರಾಯಚೂರು ಕದನದಲ್ಲಿ ಕೃಷ್ಣದೇವರಾಯನ ಕಡೆ ಪೋರ್ಚುಗೀಸ್ ಬಂದೂಕಿನವರಿದ್ದರು. ಪದ ಅವರೇ ಬಿಟ್ಟುಹೋದರು ಅಂತ ನಾನೇನೂ ಹೇಳ್ತಿಲ್ಲ.) ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಅಶೋಕನ ಶಾಸನದ ಭಾಷೆ ಪ್ರಾಕೃತ. ಹೊರಗಿನ ಮಾತು ನಮ್ಮ ನೆಲಕ್ಕೆ ಹೊಸದಲ್ಲ.

ನಗಲೇಬೇಕು ಅಂದ್ರೆ ಬೇರೆ ಪದ ಇದೆ, ಗೌರವಧನ. ಮಸ್ಕಿ ಹತ್ತಿರದ ಹಳ್ಳಿಯಲ್ಲಿ ನಮ್ಮ ಚಿಗವ್ವ ಅಂಗನವಾಡಿ ಟೀಚರ್. "ಪಗಾರ ಬಂತೇನ ಚಿಗವ್ವ?" ಅಂದ್ರೆ "ನಮಗೆಲ್ಲಿ ಪಗಾರಪ್ಪ, ಗೌರವಧನ" ಅಂತಾಳೆ. ಮಕ್ಕಳ ತೂಕ, ಬಾಣಂತಿಯರ ಊಟ, ರಿಜಿಸ್ಟರು, ಮ್ಯಾಲೆ ಸರ್ವೆ. ಇದರ ಲ್ಯಾಟಿನ್ ಜೋಡಿ ‘ಹೊನೊರಾರಿಯುಂ’. ರೋಮಿನಲ್ಲಿ ಅದು ಹುದ್ದೆ ಸಿಕ್ಕವನು ತಾನೇ ಕೈಯಿಂದ ಕೊಡೋ ಕಾಣಿಕೆ! ಮೊಟ್ಟೆಗೆ ಚಿಗವ್ವ ಮೊದಲು ತನ್ನ ರೊಕ್ಕ ಹಾಕೋದು ನೋಡಿದ್ರೆ ಆ ಹಳೇ ಅರ್ಥವೇ ಸರಿ ಅನಿಸ್ತದೆ.

ಕರ್ನಾಟಕದ್ದೇ ಆದ ಅಮೀರ್‌ಬೀ ಪ್ರಕರಣದಲ್ಲಿ, 2006ರಲ್ಲಿ, ಇವರದು ಸರ್ಕಾರಿ ಹುದ್ದೆಯಲ್ಲ ಅಂದಿತ್ತು ಸುಪ್ರೀಂ ಕೋರ್ಟು. 2022ರಲ್ಲಿ ಗುಜರಾತಿನ ಪ್ರಕರಣದಲ್ಲಿ ಅದೇ ಕೋರ್ಟು ಗ್ರಾಚ್ಯುಟಿ ಕಾಯ್ದೆಯ ಮಟ್ಟಿಗೆ ಗೌರವಧನವೂ ವೇತನವೇ ಅಂತ ಒಪ್ಪಿತು. ಹಾಗಿದ್ದಮೇಲೆ ಹೆಸರು ಬದಲಿಸೋಕೆ ಏನು ಕಷ್ಟ? ಹೆಸರು ಬದಲಾದರೆ ಲೆಕ್ಕ ಬದಲಾಗಬೇಕು, ಅದೇ ಕಷ್ಟ. ಆದೇಶದಲ್ಲಿ ಗೌರವಧನ ಹೊಡೆದುಹಾಕಿ ಪಗಾರ ಅಂತ ಬರೀಲಿ, ಪಗಾರದಷ್ಟು ಕೊಡ್ಲಿ. ಮರಾಠಿ ಅಂತ ನಗೋರು ಆಮೇಲೆ ನಗಲಿ.