ಒಂದು ದಿನದ ಆಮ್‌ಸ್ಟರ್‌ಡ್ಯಾಮ್: ತೋರಿಸಬೇಕಾದದ್ದು ಏನು?

‘ದೇಶ ಸುತ್ತು, ಕೋಶ ಓದು’ ಎಂದರು ನಮ್ಮ ಹಿರಿಯರು. ಸುತ್ತುವುದಕ್ಕೆ ಎಷ್ಟು ದಿನ ಬೇಕೆಂಬುದನ್ನು ಅವರು ಹೇಳಲಿಲ್ಲ. ಆ ಲೆಕ್ಕವನ್ನು ಇಂದಿನ ಪ್ರವಾಸ ಸಂಸ್ಥೆಗಳು ಹಾಕಿಕೊಟ್ಟಿವೆ: ಹನ್ನೆರಡು ದಿನಗಳಲ್ಲಿ ಏಳೆಂಟು ದೇಶಗಳು, ಅವುಗಳ ನಡುವೆ ಆಮ್‌ಸ್ಟರ್‌ಡ್ಯಾಮ್ ನಗರಕ್ಕೆ ಅರ್ಧ ದಿನ, ಹೆಚ್ಚೆಂದರೆ ಒಂದು ದಿನ. ಈ ನಗರಕ್ಕೆ ಅಂಟಿಕೊಂಡೇ ಇರುವ ಆಮ್ಸ್ಟೆಲ್‌ವೀನ್‌ನಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರಿಗೆ ಈ ‘ಒಂದು ದಿನ’ ಎಂಬುದು ಬೇರೆಯವರ ಪ್ರವಾಸದ ವಿಷಯವಲ್ಲ, ನಮ್ಮ ಮನೆಯದೇ ಪ್ರಶ್ನೆ.

ಊರಿನಿಂದ ತಂದೆತಾಯಿಗಳೋ ಅತ್ತೆಮಾವಂದಿರೋ ಬರುತ್ತಾರೆ. ಷೆಂಗೆನ್ ವೀಸಾದ ನಿಯಮದಂತೆ 180 ದಿನಗಳ ಅವಧಿಯಲ್ಲಿ ಅವರು ಇಲ್ಲಿರಬಹುದಾದದ್ದು 90 ದಿನ. ಮನೆಯಲ್ಲಿ ಗಂಡಹೆಂಡಿರಿಬ್ಬರೂ ದುಡಿಯುವವರು. ಬಂದ ಹಿರಿಯರು ಮೊಮ್ಮಕ್ಕಳನ್ನು ಶಾಲೆಯಿಂದ ಕರೆತರುತ್ತಾರೆ, ಮಧ್ಯಾಹ್ನ ಕಿಟಕಿಯ ಬಳಿ ಕುಳಿತು ಮಳೆ ನೋಡುತ್ತಾರೆ, ಸಂಜೆ ನಮಗಾಗಿ ಸಾರು ಕುದಿಸಿಟ್ಟಿರುತ್ತಾರೆ. ಹೀಗೆ ತಿಂಗಳುಗಳು ಉರುಳಿ, ಹೊರಡುವ ದಿನ ಹತ್ತಿರವಾದಾಗ ನಮಗೆ ಎಚ್ಚರವಾಗುತ್ತದೆ: ‘ಅಯ್ಯೋ, ಇವರಿಗೆ ಊರು ತೋರಿಸಲೇ ಇಲ್ಲವಲ್ಲ!’ ಆಗ ಒಂದು ಶನಿವಾರವನ್ನು ಹಿಡಿದು, ಅದರೊಳಗೆ ಹತ್ತು ಹನ್ನೆರಡು ಪ್ರೇಕ್ಷಣೀಯ ಸ್ಥಳಗಳನ್ನು ತುಂಬಲು ಹೊರಡುತ್ತೇವೆ.

ಈ ಪದ್ಧತಿಯನ್ನು ನಾವು ಕೈಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಒಂದು ದಿನಕ್ಕೆ ಮೂರು ಸ್ಥಳಗಳು ಸಾಕು. ಆದರೆ ಆ ಮೂರನ್ನು ಆರಿಸುವಾಗ ಪ್ರವಾಸಿ ಕೈಪಿಡಿಯನ್ನಷ್ಟೇ ಅಲ್ಲ, ಬಂದವರ ಮಂಡಿ ನೋವನ್ನೂ ಮನಸ್ಸಿನ ಕುತೂಹಲವನ್ನೂ ನೋಡಬೇಕು. ಮೈಲಿಗಟ್ಟಲೆ ಹಾರಿ ಬಂದವರ ಮನಸ್ಸಿನಲ್ಲಿ ಕೇಳದೆ ಉಳಿದ ಪ್ರಶ್ನೆ ಒಂದಿರುತ್ತದೆ: ‘ನಮ್ಮನ್ನು ಬಿಟ್ಟು ಬಂದು ನೀವು ಕಂಡುಕೊಂಡ ಈ ಊರು ಎಂಥದು?’ ನಾವು ಯೋಜಿಸುವ ದಿನವು ಈ ಪ್ರಶ್ನೆಗೆ ಕೊಡುವ ಉತ್ತರವಾಗಿರಬೇಕು.

ಮೊದಲನೆಯದು ನೀರು. ಕನ್ನಂಬಾಡಿ ಕಟ್ಟೆಯನ್ನು ಕಂಡ ಕಣ್ಣುಗಳಿಗೆ ಈ ದೇಶ ನಿಜವಾಗಿಯೂ ಸೋಜಿಗ. ನಾವು ಅಣೆಕಟ್ಟು ಕಟ್ಟಿದ್ದು ನೀರನ್ನು ಹಿಡಿದಿಡಲು. ಇವರು ಕಟ್ಟಿದ್ದು ನೀರನ್ನು ಹೊರಗಿಡಲು. ಬಂಧುಗಳು ಬಂದಿಳಿಯುವ ಸ್ಕಿಪೋಲ್ ವಿಮಾನ ನಿಲ್ದಾಣವೇ 1852ರಲ್ಲಿ ಬರಿದುಮಾಡಿದ ಒಂದು ದೊಡ್ಡ ಸರೋವರದ ತಳ; ಸಮುದ್ರಮಟ್ಟಕ್ಕಿಂತ ಮೂರು ಮೀಟರಿಗೂ ಹೆಚ್ಚು ಕೆಳಗಿದೆ. ಆಮ್‌ಸ್ಟೆಲ್ ನದಿಗೆ ಹಾಕಿದ ಕಟ್ಟೆಯಿಂದಲೇ ಆಮ್‌ಸ್ಟರ್‌ಡ್ಯಾಮ್‌ಗೆ ಆ ಹೆಸರು. ಅದೇ ನದಿಯ ಬಳಿಯ ಜೌಗುನೆಲವೇ ನಮ್ಮ ಆಮ್ಸ್ಟೆಲ್‌ವೀನ್. ಡ್ಯಾಮ್ ಚೌಕದ ಅರಮನೆ 13,659 ಮರದ ಕಂಬಗಳ ಮೇಲೆ ನಿಂತಿದೆ. 1613ರಿಂದ ತೋಡಿಸಿದ ಕಾಲುವೆಗಳ ವಲಯವನ್ನು ಯುನೆಸ್ಕೊ 2010ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇದನ್ನೆಲ್ಲ ನಡೆದು ನೋಡಿಸುವುದಕ್ಕಿಂತ ಒಂದು ಗಂಟೆಯ ದೋಣಿವಿಹಾರ ಲೇಸು. ಹಿರಿಯರು ಕುಳಿತೇ ನೋಡಬಹುದು. ಮನೆಗಳ ನೆತ್ತಿಯಲ್ಲಿ ಚಾಚಿಕೊಂಡಿರುವ ಕೊಕ್ಕೆಗಳನ್ನು ತೋರಿಸಿ: ಮೆಟ್ಟಿಲು ಕಿರಿದಾದ್ದರಿಂದ ಮಂಚ ಕಪಾಟುಗಳನ್ನು ಹಗ್ಗ ಕಟ್ಟಿ ಕಿಟಕಿಯ ಮೂಲಕ ಮೇಲೆಳೆದುಕೊಳ್ಳುವ ವ್ಯವಸ್ಥೆ ಅದು. ಬಾವಿಯಿಂದ ನೀರು ಸೇದಿ ಗೊತ್ತಿರುವ ನಮ್ಮ ತಾಯಂದಿರಿಗೆ ಆ ರಾಟೆಯ ಯುಕ್ತಿಯನ್ನು ಯಾರೂ ವಿವರಿಸಬೇಕಾಗಿಲ್ಲ.

ಎರಡನೆಯದು ರೈಕ್ಸ್‌ಮ್ಯೂಸಿಯಂ. 1885ರಲ್ಲಿ ತೆರೆದ ಈ ಭವನ ಹತ್ತು ವರ್ಷಗಳ ಜೀರ್ಣೋದ್ಧಾರದ ನಂತರ 2013ರಲ್ಲಿ ಮತ್ತೆ ಬಾಗಿಲು ತೆರೆಯಿತು. ಇದನ್ನು ಪೂರ್ತಿಯಾಗಿ ನೋಡಹೊರಟರೆ ದಿನವೂ ಸಾಲದು, ಕಾಲೂ ಸಾಲದು. 1642ರಲ್ಲಿ ರೆಂಬ್ರಾಂಟ್ ಬರೆದ ‘ರಾತ್ರಿ ಕಾವಲು’, ವರ್ಮೀರನ ‘ಹಾಲು ಸುರಿಯುವ ಹೆಂಗಸು’, ಏಷ್ಯಾ ವಿಭಾಗದ ಚೋಳರ ಕಾಲದ ಕಂಚಿನ ನಟರಾಜ: ಈ ಮೂರರ ಮುಂದೆ ನಿಂತು ಬಂದರೆ ಸಾಕು. ಅಡುಗೆಮನೆಯಲ್ಲಿ ಹಾಲು ಬಗ್ಗಿಸುವ ಆ ಹೆಂಗಸಿನ ಏಕಾಗ್ರತೆಯನ್ನು ಗುರುತಿಸಲು ಕಲಾವಿಮರ್ಶೆ ಓದಿರಬೇಕಾಗಿಲ್ಲ. ಇನ್ನು ತವರಿನ ದೇವರು ಗಾಜಿನ ಕಟ್ಟಡದೊಳಗೆ ದೀಪಾರತಿಯಿಲ್ಲದೆ ನಿಂತಿರುವುದನ್ನು ಕಂಡು ಹಿರಿಯರು ಏನು ಹೇಳುತ್ತಾರೆಂಬುದನ್ನು ನಾವೇ ಕಿವಿಗೊಟ್ಟು ಕೇಳಬೇಕು. ಹದಿನೆಂಟು ತುಂಬದ ಮಕ್ಕಳಿಗೆ ಇಲ್ಲಿ ಪ್ರವೇಶ ಉಚಿತ. ಮೊಮ್ಮಕ್ಕಳನ್ನೂ ಕರೆದೊಯ್ಯಲು ಅಡ್ಡಿಯಿಲ್ಲ.

ಮೂರನೆಯದನ್ನು ಪ್ರವಾಸ ಸಂಸ್ಥೆಗಳು ಸಾಮಾನ್ಯವಾಗಿ ತೋರಿಸುವುದಿಲ್ಲ. ಅದು 1638ರಲ್ಲಿ ಸ್ಥಾಪನೆಯಾದ ಸಸ್ಯೋದ್ಯಾನ, ಹೋರ್ಟಸ್. ಬಾಬಾ ಬುಡನ್ ಎಂಬ ಸಂತರು ಯೆಮನ್‌ನಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂಬ ಪ್ರತೀತಿ ನಮಗೆಲ್ಲ ಗೊತ್ತು. ಮುಂದಿನದು ಇತಿಹಾಸ. ಡಚ್ ಈಸ್ಟ್ ಇಂಡಿಯಾ ಕಂಪನಿಯವರು 1696ರಲ್ಲಿ ಮಲಬಾರಿನಿಂದ ಜಾವಾಕ್ಕೆ ಕಾಫಿ ಸಸಿಗಳನ್ನು ಒಯ್ದರು. ಅವು ಪ್ರವಾಹಕ್ಕೆ ಸಿಕ್ಕಿ ಹಾಳಾಗಲು 1699ರಲ್ಲಿ ಮತ್ತೆ ಒಯ್ದರು. ಜಾವಾದಿಂದ 1706ರಲ್ಲಿ ಒಂದು ಗಿಡ ಈ ಆಮ್‌ಸ್ಟರ್‌ಡ್ಯಾಮ್ ಉದ್ಯಾನಕ್ಕೆ ಬಂತು. ಅದರ ಸಂತತಿಯ ಗಿಡವೊಂದು 1714ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಗೆ ಕಾಣಿಕೆಯಾಗಿ ಹೋಯಿತು. ಅಮೆರಿಕ ಖಂಡದ ಕಾಫಿ ತೋಟಗಳ ವಂಶಾವಳಿಯಲ್ಲಿ ಈ ಉದ್ಯಾನದ ಹೆಸರು ಹೀಗೆ ಸೇರಿಕೊಂಡಿತು. ದಿನಕ್ಕೆರಡು ಲೋಟ ಕಾಫಿ ಇಲ್ಲದೆ ಬದುಕದ ನಮ್ಮವರಿಗೆ ಈ ಕಥೆಯನ್ನು ಈ ತೋಟದ ಬೆಂಚಿನ ಮೇಲೆ ಕುಳ್ಳಿರಿಸಿ ಹೇಳಿದರೆ, ಪರದೇಶ ಒಂದಿಷ್ಟು ಹತ್ತಿರವಾಗದೇ?

ಆದರೆ ಹೆಮ್ಮೆಯ ಕಥೆಯಷ್ಟನ್ನೇ ಹೇಳಿ ನಿಲ್ಲಿಸುವುದು ನ್ಯಾಯವಲ್ಲ. ಕಾಲುವೆಯ ದಂಡೆಯ ಆ ಸಿರಿವಂತ ಮನೆಗಳ ಹಿಂದೆ 1602ರಲ್ಲಿ ಹುಟ್ಟಿದ ಆ ಕಂಪನಿಯ ವ್ಯಾಪಾರವಿದೆ. ನಮ್ಮ ಬಸ್ರೂರಿನಲ್ಲಿಯೂ ಡಚ್ಚರ ಕೋಠಿಯಿತ್ತು. ಕರಾವಳಿಯ ಅಕ್ಕಿ ಮೆಣಸುಗಳು ಅವರ ಹಡಗು ಏರಿದವು. ಗುಲಾಮರ ವ್ಯಾಪಾರದಲ್ಲಿ ನಗರಕ್ಕಿದ್ದ ಪಾಲಿಗಾಗಿ ಆಮ್‌ಸ್ಟರ್‌ಡ್ಯಾಮಿನ ಮೇಯರ್ 2021ರ ಜುಲೈ 1ರಂದು ಕ್ಷಮೆ ಕೇಳಿದರು. ಇದನ್ನೂ ಹೇಳಿದರೆ ಊರಿನ ಚಿತ್ರ ಪೂರ್ಣವಾಗುತ್ತದೆ.

‘ಆನ್ ಫ್ರಾಂಕ್ ಮನೆಯನ್ನು ಬಿಡಬಹುದೇ?’ ಎಂದು ಓದುಗರು ಕೇಳಬಹುದು. 1942ರ ಜುಲೈಯಿಂದ 1944ರ ಆಗಸ್ಟ್‌ವರೆಗೆ ಆ ಬಾಲಕಿ ಅಡಗಿ ಬಾಳಿದ ಮನೆ ಅದು, ನೋಡಲೇಬೇಕಾದದ್ದೇ. ಆದರೆ ಹಳೆಯ ಕಟ್ಟಡದ ಮೆಟ್ಟಿಲುಗಳು ಬಲು ಕಡಿದು. ಮಂಡಿ ನೋವಿನವರಿಗೆ ಕಷ್ಟ. ಟಿಕೆಟ್ಟುಗಳು ಅಂತರಜಾಲದಲ್ಲಿ ಮಾತ್ರ ದೊರೆಯುತ್ತವೆ. ಪ್ರತಿ ಮಂಗಳವಾರ, ಆರು ವಾರಗಳ ನಂತರದ ದಿನಗಳಿಗೆ. ಬಂಧುಗಳು ವಿಮಾನ ಹತ್ತುವ ಮೊದಲೇ ಯೋಚಿಸಬೇಕಾದ ವಿಷಯವಿದು. ಹೋಗುವುದಾದರೆ ಮೂರರಲ್ಲಿ ಒಂದನ್ನು ಬಿಟ್ಟು ಹೋಗಿ. ಅಲ್ಲಿಂದ ಹೊರಬಂದ ಮೇಲೆ ಸ್ವಲ್ಪ ಹೊತ್ತು ಮೌನ ಬೇಕಾಗುತ್ತದೆ. ಮುಂದಿನ ಸ್ಥಳಕ್ಕೆ ಓಡುವ ಆತುರವಿರಬಾರದು.

ಸಣ್ಣ ವಿಷಯಗಳೇ ಹಲವು ವೇಳೆ ದಿನವನ್ನು ಕೆಡಿಸುತ್ತವೆ. ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಲಿಸ್ಸೆಯ ಕ್ಯೂಕೆನ್‌ಹಾಫ್‌ನ ಟ್ಯೂಲಿಪ್ ತೋಟ ತೆರೆದಿರುವುದು ಮಾರ್ಚ್ ಉತ್ತರಾರ್ಧದಿಂದ ಮೇ ಪೂರ್ವಾರ್ಧದವರೆಗೆ ಮಾತ್ರ. ಅದಕ್ಕೆ ಬೇರೆಯೇ ದಿನ ಬೇಕು. ಶೌಚಾಲಯಕ್ಕೆ ಅನೇಕ ಕಡೆ ಹಣ ಕೊಡಬೇಕು. ಕೆಂಬಣ್ಣದ ಸೈಕಲ್ ಹಾದಿಯನ್ನು ಕಾಲುದಾರಿಯೆಂದು ಭಾವಿಸಿ ನಿಂತರೆ ಅಪಾಯ. ಚಿತ್ರಾನ್ನವನ್ನೋ ಮೊಸರನ್ನವನ್ನೋ ಕಟ್ಟಿಕೊಂಡು ಹೋಗಿ ವೊಂಡೆಲ್ ಉದ್ಯಾನದಲ್ಲಿ ಕುಳಿತು ಉಂಡರೆ ನಾಚಿಕೆಪಡಬೇಕಾದದ್ದೇನೂ ಇಲ್ಲ. ಈ ನಾಡಿನವರೂ ಬುತ್ತಿ ತರುವವರೇ.

‘ಇಷ್ಟು ಖರ್ಚು ಮಾಡಿ ಬಂದವರು ಎಲ್ಲವನ್ನೂ ನೋಡಬೇಡವೇ? ಊರಿಗೆ ಹೋದ ಮೇಲೆ ನಾಲ್ಕು ಜನ ಕೇಳುವುದಿಲ್ಲವೇ?’ ಎಂಬ ಆಕ್ಷೇಪಣೆ ಬರುತ್ತದೆ. ಅದರಲ್ಲಿ ಹುರುಳಿದೆ; ಹಿರಿಯರಿಗೂ ಹೇಳಿಕೊಳ್ಳುವ ಆಸೆಯಿರುತ್ತದೆ. ಆದರೆ ಹೇಳಿಕೊಳ್ಳಲು ಬೇಕಾದದ್ದು ಹೆಸರುಗಳಲ್ಲ, ಸಂಗತಿಗಳು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ಅವರು ಎಣಿಸಿದ ಸ್ಥಳಗಳ ಸಂಖ್ಯೆಗಾಗಿ ಅಲ್ಲ. ಹಳ್ಳಿಯ ಕಣ್ಣಿನಿಂದ ಅಮೆರಿಕವನ್ನು ಕಂಡ ಬಗೆಗಾಗಿ. ಅಂಥ ಕಣ್ಣು ನಮ್ಮ ಮನೆಗೆ ಬರುವ ಪ್ರತಿಯೊಬ್ಬ ಹಿರಿಯರಲ್ಲಿಯೂ ಇದೆ. ಅದು ತೆರೆಯಲು ಬಿಡುವು ಬೇಕು.

ಆದುದರಿಂದ ಮಧ್ಯಾಹ್ನ ನಾಲ್ಕು ಗಂಟೆಗೆ ನಗರದ ಕಾರ್ಯಕ್ರಮವನ್ನು ಮುಗಿಸಿ, 5ನೇ ನಂಬರಿನ ಟ್ರಾಮ್ ಹತ್ತಿ ಆಮ್ಸ್ಟೆಲ್‌ವೀನ್‌ಗೆ ಮರಳಬೇಕೆಂದು ನನ್ನ ಸಲಹೆ. ಉಳಿದ ಹೊತ್ತಿನಲ್ಲಿ ನೀವು ದಿನವೂ ಹಾಲು ಕೊಳ್ಳುವ ಅಂಗಡಿ, ಮಗುವಿನ ಶಾಲೆ, ಕಾಯಿಲೆ ಬಂದಾಗ ನೋಡುವ ವೈದ್ಯರ ಮನೆ, ಕಷ್ಟಕಾಲದಲ್ಲಿ ಒದಗಿದ ನೆರೆಯವರು, ಇವನ್ನು ತೋರಿಸಿ. ಅರಮನೆ ವಸ್ತುಸಂಗ್ರಹಾಲಯಗಳ ಚಿತ್ರ ಪುಸ್ತಕದಲ್ಲಿಯೂ ಸಿಕ್ಕೀತು. ಇವುಗಳನ್ನು ತೋರಿಸಬಲ್ಲವರು ನೀವು ಮಾತ್ರ. ಮಗ ಅಥವಾ ಮಗಳು ನಿರ್ಗತಿಕರಂತೆ ಪರದೇಶದಲ್ಲಿಲ್ಲ, ಒಂದು ಊರಿನಲ್ಲಿ ಊರವರಾಗಿ ಇದ್ದಾರೆ ಎಂಬ ನೆಮ್ಮದಿ ಹಿರಿಯರಿಗೆ ದೊರೆಯುವುದು ಇಲ್ಲಿಯೇ.

ಸಮ್ಮೇಳನಕ್ಕೆ ಆಗಮಿಸಿರುವ ಪ್ರತಿನಿಧಿಗಳಲ್ಲಿ ಕೆಲವರು ಲಂಡನ್ನಿನಲ್ಲಿ, ಕೆಲವರು ಪ್ಯಾರಿಸ್ ಬರ್ಲಿನ್‌ಗಳಲ್ಲಿ, ಮತ್ತೆ ಕೆಲವರು ಸಾಗರದಾಚೆಯ ನಗರಗಳಲ್ಲಿ ಇರುವವರು. ಸ್ಥಳಗಳ ಹೆಸರು ಬೇರೆಯಾದರೂ ನಮ್ಮೆಲ್ಲರ ಮನೆಗೂ ಆ ಒಂದು ಶನಿವಾರ ಬಂದೇ ಬರುತ್ತದೆ. ಅದನ್ನು ಕೊನೆಯ ವಾರಕ್ಕೆ ತಳ್ಳದೆ, ಬಂದ ಮೊದಲ ಹದಿನೈದು ದಿನಗಳಲ್ಲಿಯೇ ಇಟ್ಟುಕೊಳ್ಳೋಣ. ಆಗ ಉಳಿದ ದಿನಗಳಲ್ಲಿ ಅವರು ಕಿಟಕಿಯ ಬಳಿ ಕುಳಿತಾಗ, ಹೊರಗಿನ ಬೀದಿ ಅವರಿಗೆ ಅಪರಿಚಿತವಾಗಿರುವುದಿಲ್ಲ.