ಗಡ್ಡೆಯನ್ನು ಉಪವಾಸ ಕೆಡವಿ, ರೋಗಿಯನ್ನಲ್ಲ

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಯಾರಿಗಾದರೂ ಎದೆಯಲ್ಲಿ ಗಡ್ಡೆಯೆಂದು ಗೊತ್ತಾದರೆ ಸಾಕು, ನೋಡಲು ಬಂದವರೆಲ್ಲ ಒಂದೊಂದು ಪಥ್ಯ ಹೇಳಿ ಹೋಗುತ್ತಾರೆ. "ಸಕ್ಕರಿ, ಬೆಲ್ಲ ಮುಟ್ಟಬ್ಯಾಡ್ರಿ, ಗಡ್ಡಿ ಬೆಳಿತದ" ಅಂತ ಒಬ್ಬರು. "ರೊಟ್ಟಿ, ಅನ್ನಾನೂ ಬಿಡ್ರಿ" ಅಂತ ಇನ್ನೊಬ್ಬರು. ಸಕ್ಕರೆ ಕಾಯಿಲೆಯ ಮಾತ್ರೆ ಕ್ಯಾನ್ಸರಿಗೂ ಮದ್ದು ಎಂಬ ಸುದ್ದಿ ಬೇರೆ ಮೊಬೈಲಿನಲ್ಲಿ ಓಡಾಡುತ್ತದೆ. ಸೋದರಿಯರೇ, ಇದರಲ್ಲಿ ನಿಜವೆಷ್ಟು?

ನಿಜದ ಎಳೆಯೊಂದು ಖಂಡಿತ ಇದೆ. ಅನೇಕ ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ವಿಪರೀತ ಬಳಸುತ್ತವೆ ಎಂಬುದನ್ನು ಜರ್ಮನಿಯ ಒಟ್ಟೊ ವಾರ್ಬರ್ಗ್ 1920ರ ದಶಕದಲ್ಲೇ ಕಂಡುಕೊಂಡಿದ್ದರು. ಪೆಟ್ ಸ್ಕ್ಯಾನ್ ಗಡ್ಡೆಯನ್ನು ಪತ್ತೆ ಹಚ್ಚುವುದೂ ಇದೇ ಗುಣದಿಂದ. ಆದರೆ ನೀವು ಸಕ್ಕರೆ ಬಿಟ್ಟ ಮಾತ್ರಕ್ಕೆ ಗಡ್ಡೆ ಸೊರಗುವುದಿಲ್ಲ. ಊಟವನ್ನೇ ಬಿಟ್ಟರೂ ಶರೀರ ತನ್ನ ಮಾಂಸಖಂಡ ಕರಗಿಸಿ ಗ್ಲೂಕೋಸ್ ತಯಾರಿಸಿಕೊಳ್ಳುತ್ತದೆ. ಸೊರಗುವವಳು ರೋಗಿಯೇ! ನಿಶ್ಶಕ್ತಳಾದರೆ ಕಿಮೊಥೆರಪಿ ತಡೆದುಕೊಳ್ಳುವುದು ಕಷ್ಟ.

ಗಡ್ಡೆಯ ಆಹಾರಕ್ಕೆ ಕತ್ತರಿ ಹಾಕುವುದು ಔಷಧಿಯ ಕೆಲಸ. ಕೋಶ ಒಂದು ಎರಡಾಗಲು ಫೋಲಿಕ್ ಆಮ್ಲ ಬೇಕು. ಅದರ ಕೆಲಸ ತಡೆಯುವ ಅಮಿನಾಪ್ಟೆರಿನ್ ಔಷಧಿ ಅಮೆರಿಕದಲ್ಲಿ ತಯಾರಾದದ್ದು ನಮ್ಮ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಿಂದ. ಅದನ್ನು ಕೊಟ್ಟಾಗ ರಕ್ತ ಕ್ಯಾನ್ಸರಿನ ಕೆಲವು ಮಕ್ಕಳಲ್ಲಿ ರೋಗ ಸ್ವಲ್ಪ ಕಾಲ ಹಿಂದೆ ಸರಿಯಿತೆಂದು ಸಿಡ್ನಿ ಫಾರ್ಬರ್ 1948ರಲ್ಲಿ ವರದಿ ಮಾಡಿದರು. ಅದೇ ಜಾತಿಯ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ. ಇಂಥ ಮದ್ದನ್ನು ಅಳತೆ ಮಾಡಿ, ರಕ್ತ ಪರೀಕ್ಷಿಸುತ್ತಾ ವೈದ್ಯರೇ ಕೊಡಬೇಕು. ಆ ಸಮಯದಲ್ಲಿ ಅವರನ್ನು ಕೇಳದೆ ಫೋಲಿಕ್ ಮಾತ್ರೆ ನುಂಗಬೇಡಿ.

ಇನ್ನು ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ವಿಷಯ. ಆ ಕಾಯಿಲೆ ಇಲ್ಲದ 3,649 ಸ್ತನ ಕ್ಯಾನ್ಸರ್ ರೋಗಿಗಳನ್ನು ಸೇರಿಸಿಕೊಂಡು ನಡೆದ ಪರೀಕ್ಷೆಯ ಫಲಿತಾಂಶ 2022ರಲ್ಲಿ ಬಂತು. ಮುಖ್ಯವಾಗಿ ಪರಿಶೀಲಿಸಿದ ರೋಗಿಗಳಲ್ಲಿ, ರೋಗ ಮರುಕಳಿಸದಂತೆ ತಡೆಯಲು ಆ ಮಾತ್ರೆ ನೆರವಾಗಲಿಲ್ಲ. ಹಾಗಾಗಿ ಪಕ್ಕದ ಮನೆಯವರ ಮಾತ್ರೆ ಇಸಿದುಕೊಂಡು ನುಂಗಬೇಡಿ. ನಿಮಗೇ ಸಕ್ಕರೆ ಕಾಯಿಲೆ ಇದ್ದರೆ ನಿಮ್ಮ ಮಾತ್ರೆಯನ್ನು ನೀವಾಗಿ ನಿಲ್ಲಿಸಲೂ ಬೇಡಿ.

ಮತ್ತೆ ಏನು ಉಣಬೇಕು? ಜೋಳದ ರೊಟ್ಟಿ, ತೊಗರಿಬೇಳೆ, ಪಲ್ಯ, ಮೊಸರು, ತಿನ್ನುವವರಾದರೆ ಮೊಟ್ಟೆ. ಬಾಯಿ ಹುಣ್ಣಾಗಿದ್ದರೆ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಕೊಡಿ, ಇಲ್ಲವೇ ನುಚ್ಚು ಮೆತ್ತಗೆ ಕುದಿಸಿ. ಒಮ್ಮೆಲೇ ಆಗದಿದ್ದರೆ ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ಉಣ್ಣಲಿ.

ಎಲ್ಲಕ್ಕಿಂತ ದುಬಾರಿಯಾದದ್ದು ಪಥ್ಯದ ಹೆಸರಲ್ಲಿ ಕಳೆಯುವ ತಿಂಗಳುಗಳು. ಗಡ್ಡೆ ನೋಯುತ್ತಿಲ್ಲ ಅಂತ ಸುಮ್ಮನಿರಬೇಡಿ. ಶುರುವಿನಲ್ಲಿ ಅದು ನೋಯದಿರುವುದೇ ಹೆಚ್ಚು. ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರವಿದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ರೇಷನ್ ಕಾರ್ಡು, ಆಧಾರ್ ಚೀಲದಲ್ಲಿಟ್ಟುಕೊಂಡು ನಾಳೆಯ ಬಸ್ಸೇ ಹತ್ತಿರಿ. ಬುತ್ತಿ ಮರೆಯಬೇಡಿ!