ಗುರು ಯಾರ ಕೈ ಹಿಡೀತಾನೆ?

ಅಮೆರಿಕದಲ್ಲಿ ಎಳೆಯ ಮನೋವೈದ್ಯರಿಗೂ ಸಿಗುವ ಸರ್ಕಾರಿ ಸಂಶೋಧನಾ ಅನುದಾನವೊಂದಿದೆ: ಕೆ-23. ಸಂಬಳ ಉಂಟು, ಮುಕ್ಕಾಲು ಪಾಲು ಹೊತ್ತು ಸಂಶೋಧನೆಗೇ ಮೀಸಲು. ಒಳ್ಳೇದೇ. ಆದರೆ ಅರ್ಜಿ ಹಾಕೋಕೆ ಮೊದಲು ಒಬ್ಬ ಹಿರಿಯ ಗುರು ಒಪ್ಪಿ ಕೈ ಹಿಡೀಬೇಕು. ಗೆಳೆಯರೇ, ಗಂಟು ಇರೋದೇ ಇಲ್ಲಿ.

1851ರಲ್ಲಿ ಕಾರ್ಟ್‌ರೈಟ್ ಎಂಬ ವೈದ್ಯ, ಒಡೆಯನಿಂದ ಓಡಿಹೋಗುವ ಕಪ್ಪು ಗುಲಾಮನಿಗೆ ಮನೋರೋಗ ಎಂದು ಬರೆದ. ಬಿಡುಗಡೆ ಬಯಸಿದ್ದೇ ರೋಗ! 1844ರಲ್ಲಿ ಹುಟ್ಟಿದ ಅಲ್ಲಿನ ಮನೋವೈದ್ಯರ ಸಂಘ ತನ್ನ ಜನಾಂಗಭೇದಕ್ಕೆ ಕ್ಷಮೆ ಕೇಳಿದ್ದು 2021ರಲ್ಲಿ.

2011ರಲ್ಲಿ ‘ಸೈನ್ಸ್’ ಪತ್ರಿಕೆ ಅಚ್ಚು ಹಾಕಿದ ಲೆಕ್ಕ ನೋಡಿ. ಓದು, ತರಬೇತಿ, ಪ್ರಕಟಣೆ ಎಲ್ಲ ಸರಿತೂಗಿಸಿದ ಮೇಲೂ ಆರೋಗ್ಯ ಸಂಶೋಧನೆಯ ದೊಡ್ಡ ಅನುದಾನ ಸಿಗುವ ಸಾಧ್ಯತೆ ಕಪ್ಪು ವಿಜ್ಞಾನಿಗೆ ಬಿಳಿಯನಿಗಿಂತ 10 ಶೇಕಡಾಂಶ ಕಡಿಮೆ. ಪ್ರತಿಭೆ, ಪ್ರತಿಭೆ ಅಂತ ಬಾಯಿ ಬಡ್ಕೊಳ್ಳೋರು ಇದಕ್ಕೇನಂತಾರೆ?

ಇದು ಬರೀ ಹುದ್ದೆಯ ಜಗಳವಲ್ಲ. ಸಂಶೋಧಕ ಕೇಳಿದ್ದೇ ಪ್ರಶ್ನೆ. ಅವಮಾನ ಉಂಡವನ ನೋವು ಅವನ ರೋಗವೋ, ಸಮಾಜದ ರೋಗವೋ? ಉಣ್ಣದವನಿಗೆ ಈ ಪ್ರಶ್ನೆ ಹೊಳೆಯೋದು ಕಷ್ಟ.

ನಮಗೂ ಇದು ದೂರದ ಮಾತಲ್ಲ. ದಿಲ್ಲಿಯ ಏಮ್ಸ್‌ನಲ್ಲಿ ದಲಿತ, ಆದಿವಾಸಿ ವಿದ್ಯಾರ್ಥಿಗಳಿಗೆ ಆಗುತ್ತಿದ್ದ ಭೇದವನ್ನು 2007ರಲ್ಲಿ ಥೋರಟ್ ಸಮಿತಿ ಬಯಲಿಗಿಟ್ಟಿತು. ಗುರುಗಳ ಆಸರೆ ಸಿಗ್ತಿಲ್ಲ ಅಂತಲೇ ಅಲ್ಲಿನ ಬಹಳ ಮಂದಿ ಹೇಳಿದ್ದು.

ಗುರುವಿನ ದಯೆ ಬೇಡ. ಲೆಕ್ಕ ಬೇಕು. ಸಾರ್ವಜನಿಕರ ಹಣ ತಗೊಂಡ ಗುರು ಇಷ್ಟು ವರ್ಷದಲ್ಲಿ ಯಾರ್‍ಯಾರನ್ನ ಬೆಳೆಸಿದ, ಯಾರನ್ನ ಬಾಗಿಲಲ್ಲೇ ನಿಲ್ಲಿಸಿದ? ಲೆಕ್ಕ ಕೊಡದವನಿಗೆ ಶಿಷ್ಯರೂ ಬೇಡ, ಹಣವೂ ಬೇಡ.